ತೆಳು ಮೋಡವನ್ನೂ ಬರೆದಿಡಬೇಕು

(ಫೆಬ್ರವರಿ ನಡುವಿನ ಒಂದು ಸಂಜೆ ಕಲಬುರಗಿಯಲ್ಲಿ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಊರಿಗೆ ಬಂದಾಗಲೆಲ್ಲ ನನಗೆ ಮೊದಲು ಎದುರಾಗುವುದು ಒಂದೇ ಪ್ರಶ್ನೆ. ಸೇಡಂನಲ್ಲಿ ಬಸ್ ಇಳಿದು ನಮ್ಮ ಹಳ್ಳಿಯ ದಾರಿ ಹಿಡಿಯುವುದರೊಳಗೆ ಯಾರಾದರೊಬ್ಬ ಕಾಕಾ ತಡೆದು ನಿಲ್ಲಿಸಿ ಕೇಳುತ್ತಾರೆ: 'ರಾತ್ರಿಯೆಲ್ಲ ಅಲ್ಲಿ ಕುಳಿತು ಏನು ನೋಡುತ್ತೀಯಪ್ಪಾ?' ನಕ್ಷತ್ರ ನೋಡುತ್ತೇನೆ ಎಂದರೆ ಅವರಿಗೂ ಸಮಾಧಾನ, ನನಗೂ ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ಆ ಕಾಕಾನಿಗೆ ರಸ್ತೆಯಲ್ಲಿ ನಿಂತು ಹೇಳಲಾಗದ ಉತ್ತರವನ್ನು ಇಂದು ನಿಮ್ಮೆದುರು ಹೇಳಬೇಕೆಂದು ಬಂದಿದ್ದೇನೆ.

ನಾನು ನಡೆಸುವ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಜಾಗವೇ ಇಲ್ಲ. ಎರಡು ಮೀಟರ್ ಅಗಲದ ಕನ್ನಡಿ ಹಿಡಿದ ಬೆಳಕು ಕ್ಯಾಮೆರಾಕ್ಕೋ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ರೋಹಿತಮಾಪಕಕ್ಕೋ ನೇರವಾಗಿ ಹೋಗಿಬಿಡುತ್ತದೆ. ನನ್ನ ಮುಂದೆ ಇರುವುದು ಕೆಲವು ಪರದೆಗಳು. ಒಂದರಲ್ಲಿ ಗಾಳಿಯ ವೇಗ, ತೇವಾಂಶ, ಹೊರಗಿನ ಉಷ್ಣಾಂಶ. ಇನ್ನೊಂದರಲ್ಲಿ ದೂರದರ್ಶಕ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬ ಅಂಕಿಗಳು. ಮತ್ತೊಂದರಲ್ಲಿ ಒಂದೇ ಒಂದು ನಕ್ಷತ್ರದ ಮಸುಕಾದ ಚುಕ್ಕೆ. ಇಡೀ ರಾತ್ರಿಯಲ್ಲಿ ನಾನು ಆಕಾಶವನ್ನು ಬರಿಗಣ್ಣಿನಿಂದ ನೋಡುವುದು ಗಂಟೆಗೊಮ್ಮೆ ಹೊರಗೆ ಬಂದಾಗ ಮಾತ್ರ. ಅದೂ ನಕ್ಷತ್ರಕ್ಕಾಗಿ ಅಲ್ಲ, ಮೋಡಕ್ಕಾಗಿ.

ಜಾಗದ ಪರಿಚಯ ಮಾಡಿಕೊಡುತ್ತೇನೆ. ಲಡಾಖ್‌ನ ಲೇಹ್ ಪಟ್ಟಣದಿಂದ ಆಗ್ನೇಯ ದಿಕ್ಕಿಗೆ ಇಡೀ ದಿನ ಪ್ರಯಾಣ ಮಾಡಿದರೆ ಹಾನ್ಲೆ ಎಂಬ ಹಳ್ಳಿ ಸಿಗುತ್ತದೆ. 17ನೆಯ ಶತಮಾನದ ಒಂದು ಬೌದ್ಧ ಮಠ, ಪಶ್ಮೀನಾ ಆಡುಗಳನ್ನು ಮೇಯಿಸುವ ಅಲೆಮಾರಿ ಜನ, ಕಣ್ಣು ಹಾಯುವಷ್ಟು ಬಯಲು, ಬಯಲಿನಲ್ಲಿ ಒಂದು ಗುಡ್ಡ. ಸ್ಥಳೀಯರು ಅದನ್ನು ದಿಗ್ಪಾ ರತ್ಸಾ ರಿ ಎನ್ನುತ್ತಾರೆ. ವೀಕ್ಷಣಾಲಯದ ಕಾಗದಗಳಲ್ಲಿ ಅದು ಸರಸ್ವತಿ ಪರ್ವತ. ನೆತ್ತಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್. ನಾವೀಗ ಕುಳಿತಿರುವ ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ. ಅಂದರೆ ಹತ್ತರಷ್ಟು ಮೇಲೆ. ಅಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ವೀಕ್ಷಣಾಲಯವಿದೆ. ಅದರ ಮುಖ್ಯ ಯಂತ್ರ ಹಿಮಾಲಯನ್ ಚಂದ್ರ ದೂರದರ್ಶಕ. 2000ದ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಮೊದಲ ಬೆಳಕು ಬಿದ್ದಿತು. ಹೆಸರು ಕೇಳಿ ಚಂದ್ರನನ್ನು ನೋಡುವ ಯಂತ್ರ ಎಂದುಕೊಳ್ಳಬೇಡಿ. ಅದು ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು. ನಿಜ ಹೇಳಬೇಕೆಂದರೆ ಚಂದ್ರ ನಮ್ಮ ಕೆಲಸಕ್ಕೆ ಅಡ್ಡಿ. ಹುಣ್ಣಿಮೆಯ ಬೆಳಕಿನಲ್ಲಿ ಮಂಕಾದ ಕಾಯಗಳು ಮುಳುಗಿಹೋಗುತ್ತವೆ. ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಿಗೆ ವಿಜ್ಞಾನಿಗಳಲ್ಲಿ ಪೈಪೋಟಿ.

ಅಷ್ಟು ಮೇಲೆ ಏಕೆ ಹೋಗಬೇಕು? ಬೇಸಿಗೆಯಲ್ಲಿ ಶಹಾಬಾದ್ ಫರಸಿ ಹಾಸಿದ ಅಂಗಳದ ಮೇಲೆ ಮಧ್ಯಾಹ್ನ ಗಾಳಿ ನಡುಗುವುದನ್ನು ನೀವೆಲ್ಲ ನೋಡಿದ್ದೀರಿ. ಆಚೆ ನಿಂತವರ ಮುಖ ನೀರಿನೊಳಗಿದ್ದಂತೆ ಅಲುಗುತ್ತದೆ. ನಕ್ಷತ್ರದ ಬೆಳಕಿಗೂ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಆಗುವುದು ಅದೇ. ಕೋಟಿಗಟ್ಟಲೆ ವರ್ಷ ಏನೂ ಆಗದೆ ಬಂದ ಬೆಳಕು ನಮ್ಮ ವಾತಾವರಣದಲ್ಲಿ ಕದಡುತ್ತದೆ. ಹಾನ್ಲೆಯ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಶೇಕಡ 60ಕ್ಕಿಂತ ಕಡಿಮೆ. ನೀರಾವಿ, ದೂಳು ಬಹುಪಾಲು ಕೆಳಗೇ ಉಳಿದಿರುತ್ತವೆ. ಹಿಮಾಲಯದ ಸಾಲುಗಳು ಮುಂಗಾರನ್ನು ತಡೆಯುವುದರಿಂದ ಅದು ಮಳೆನೆರಳಿನ ಪ್ರದೇಶ. ನಾನು ಮೊದಲು ಕೆಲಸ ಕಲಿತದ್ದು ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರಿನಲ್ಲಿ. ಅಲ್ಲಿ ಮಳೆಗಾಲ ಬಂತೆಂದರೆ ತಿಂಗಳುಗಟ್ಟಲೆ ಗುಮ್ಮಟ ಮುಚ್ಚಿಯೇ ಇರುತ್ತಿತ್ತು. ಹಾನ್ಲೆಯಲ್ಲೂ ಜುಲೈ, ಆಗಸ್ಟ್‌ಗಳಲ್ಲಿ ಮೋಡ ಉಂಟು, ಆದರೆ ವರ್ಷದ ಹೆಚ್ಚಿನ ರಾತ್ರಿಗಳು ಕೆಲಸಕ್ಕೆ ದಕ್ಕುತ್ತವೆ.

ಕಲಬುರಗಿಯವರಿಗೆ ಗುಮ್ಮಟ ಹೊಸದಲ್ಲ. ಹಫ್ತ್ ಗುಂಬಜ್ ನೋಡುತ್ತ ಬೆಳೆದವರು ನಾವು. ಆದರೆ ನನ್ನ ಗುಮ್ಮಟ ತಿರುಗುತ್ತದೆ, ಅದರ ಬಾಗಿಲು ನೆತ್ತಿಯವರೆಗೂ ಸೀಳಿಕೊಂಡು ತೆರೆಯುತ್ತದೆ. ಆ ಬಾಗಿಲನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ತೀರ್ಮಾನವೇ ನನ್ನ ಕೆಲಸದ ಅರ್ಧ. ಗಾಳಿ ಮಿತಿ ಮೀರಿದರೆ ಮುಚ್ಚಬೇಕು. ತೇವಾಂಶ ಏರಿ ಕನ್ನಡಿಯ ಮೇಲೆ ಇಬ್ಬನಿ ಕಟ್ಟುವ ಭಯವಿದ್ದರೆ ಮುಚ್ಚಬೇಕು. ಕನ್ನಡಿಯ ಮೇಲಿರುವ ಅಲ್ಯೂಮಿನಿಯಂ ಲೇಪ ಕೂದಲೆಳೆಯ ದಪ್ಪದ ಸಾವಿರದ ಒಂದು ಪಾಲಿನ ಲೆಕ್ಕದ್ದು. ಬೆರಳು ತಾಗಿದರೂ ಗುರುತು ಉಳಿಯುತ್ತದೆ. ಅದು ಮಾಸಿದಾಗ ಕನ್ನಡಿಯನ್ನು ಇಳಿಸಿ, ನಿರ್ವಾತ ಕೋಣೆಯಲ್ಲಿಟ್ಟು ಹೊಸದಾಗಿ ಲೇಪ ಕೊಡಬೇಕು. ಹಾಗಾಗಿ ಬೆಂಗಳೂರಿನಿಂದ ಯಾರೋ ವಿಜ್ಞಾನಿ 'ಇನ್ನೊಂದು ಹತ್ತು ನಿಮಿಷ ಬಿಡಿ, ನನ್ನ ಚಿತ್ರ ಮುಗಿಯುತ್ತದೆ' ಎಂದು ಕೇಳಿಕೊಂಡರೂ, ಮಿತಿ ದಾಟಿದ್ದರೆ ನಾನು ಇಲ್ಲ ಎನ್ನಬೇಕು. ಆ ಮಾತು ಹೇಳಲು ನನಗೆ ಮೊದಲೆರಡು ವರ್ಷ ಬಹಳ ಕಷ್ಟವಾಗುತ್ತಿತ್ತು. ಎದುರಿಗಿರುವವರು ದೊಡ್ಡ ಓದು ಓದಿದವರು, ನಾನು ಡಿಪ್ಲೊಮಾ ಮಾಡಿದವನು. ಆಮೇಲೆ ತಿಳಿಯಿತು, ಆ ಹೊತ್ತಿನಲ್ಲಿ ಕನ್ನಡಿಯ ಪರವಾಗಿ ಮಾತನಾಡಲು ಅಲ್ಲಿರುವವನು ನಾನೊಬ್ಬನೇ ಎಂದು.

ಬೆಂಗಳೂರಿನಿಂದ ಎಂದೆ. ಹೌದು, ಈ ದೂರದರ್ಶಕವನ್ನು ಬಳಸುವ ವಿಜ್ಞಾನಿಗಳು ಹೆಚ್ಚಾಗಿ ಗುಡ್ಡಕ್ಕೆ ಬರುವುದಿಲ್ಲ. ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿರುವ ಕೇಂದ್ರದಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ವೀಕ್ಷಣೆ ಮಾಡುತ್ತಾರೆ. ಹಾಗಾದರೆ ಗುಡ್ಡದ ಮೇಲೆ ಮನುಷ್ಯರು ಏಕೆ ಎಂದು ಕಳೆದ ಬಾರಿ ಒಬ್ಬ ಹುಡುಗಿ ಕೇಳಿದ್ದಳು. ಗುಮ್ಮಟದ ಬಾಗಿಲ ಹಳಿಯಲ್ಲಿ ಹಿಮ ಕೂತರೆ ಅದನ್ನು ಕೈಯಿಂದಲೇ ತೆಗೆಯಬೇಕು. ಕ್ಯಾಮೆರಾದ ಸಂವೇದಕ ತಣ್ಣಗಿರಲೆಂದು ಮೈನಸ್ 196 ಡಿಗ್ರಿಯ ದ್ರವ ಸಾರಜನಕವನ್ನು ಹೊತ್ತು ತಂದು ತುಂಬಬೇಕು. ಚಳಿಗೆ ಸೆಟೆದು ಬಿರುಕು ಬಿಟ್ಟ ಕೇಬಲ್ ಯಾವುದೆಂದು ಹುಡುಕಬೇಕು. ಆ ಎತ್ತರದಲ್ಲಿ ಯಂತ್ರಗಳೂ ಏದುಸಿರು ಬಿಡುತ್ತವೆ. ತೆಳು ಗಾಳಿ ಶಾಖವನ್ನು ಸರಿಯಾಗಿ ಒಯ್ಯುವುದಿಲ್ಲವಾದ್ದರಿಂದ ಹೊರಗೆ ಮೈನಸ್ 25 ಡಿಗ್ರಿ ಇದ್ದರೂ ಪೆಟ್ಟಿಗೆಯೊಳಗಿನ ವಿದ್ಯುತ್ ಉಪಕರಣ ಬಿಸಿಯಾಗುತ್ತದೆ. ಹಳೆಯ ಬಗೆಯ ಹಾರ್ಡ್ ಡಿಸ್ಕ್‌ಗಳಲ್ಲಿ ಓದುವ ಮುಳ್ಳು ತೆಳ್ಳನೆಯ ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ಗಾಳಿಯೇ ಸಾಲದಾದಾಗ ಅದು ತಟ್ಟೆಗೆ ಬಡಿದು ಕೆಡುತ್ತದೆ. ಡೀಸೆಲ್ ಜನರೇಟರು ಕೂಡ ಅಲ್ಲಿ ತನ್ನ ಪೂರ್ತಿ ಶಕ್ತಿ ಕೊಡುವುದಿಲ್ಲ.

ಮನುಷ್ಯರ ಪಾಡೂ ಅಷ್ಟೇ. ಮೊದಲು ಲೇಹ್‌ನಲ್ಲಿ ಕೆಲವು ದಿನ ಸುಮ್ಮನೆ ಕೂರಬೇಕು, ರಕ್ತ ಆ ಗಾಳಿಗೆ ಒಗ್ಗಬೇಕು. ಅವಸರ ಮಾಡಿದರೆ ತಲೆನೋವು, ವಾಂತಿ, ಕೆಲವೊಮ್ಮೆ ಜೀವಕ್ಕೇ ಅಪಾಯ. ಆರಂಭದ ರಾತ್ರಿಗಳಲ್ಲಿ ನಿದ್ದೆಯ ನಡುವೆ ಉಸಿರು ನಿಂತು, ದಿಗಿಲಾಗಿ ಎದ್ದು ಕೂರುತ್ತೇವೆ. ಮೇ ತಿಂಗಳಲ್ಲಿ 44 ಡಿಗ್ರಿ ಬಿಸಿಲು ಉಂಡು ಬೆಳೆದ ಮೈ ನನ್ನದು. ಮೊದಲ ಚಳಿಗಾಲದಲ್ಲಿ ಕೈಬೆರಳ ತುದಿಗಳು ಒಡೆದು, ಕೀಲಿಮಣೆ ಒತ್ತಿದರೆ ರಕ್ತ ಬರುತ್ತಿತ್ತು. ಜೊತೆಯಲ್ಲಿದ್ದ ಲಡಾಖಿ ಗೆಳೆಯರು ಏಪ್ರಿಕಾಟ್ ಎಣ್ಣೆ ಕೊಟ್ಟು ಹಚ್ಚಿಸಿದರು. ಉಪ್ಪು, ಬೆಣ್ಣೆ ಹಾಕಿದ ಚಹಾ ಕುಡಿಯಲು ಕಲಿಸಿದವರೂ ಅವರೇ. ಆ ಗುಡ್ಡದ ಮೇಲೆ ಇಂದು ಏನೆಲ್ಲ ನಡೆಯುತ್ತಿದೆಯೋ ಅದೆಲ್ಲ ಆ ಜನರ ಬೆನ್ನು ಭುಜಗಳ ಮೇಲೆ ನಿಂತಿದೆ. ಇದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ.

ಊಟದ ಮಾತು ಬಂದದ್ದರಿಂದ ಒಂದು ವಿಷಯ. ಅವ್ವ ಮೊದಲ ಸಲ ಐದು ಕಿಲೋ ತೊಗರಿ ಬೇಳೆ ಕಟ್ಟಿ ಕಳುಹಿಸಿದ್ದಳು. ತೊಗರಿಯ ಕಣಜದಿಂದ ಹೋದ ಬೇಳೆ, ಅದಕ್ಕಿಂತ ಒಳ್ಳೆಯದು ಎಲ್ಲಿ ಸಿಗಬೇಕು? ಒಲೆಯ ಮೇಲೆ ಪಾತ್ರೆಯಿಟ್ಟು ಎರಡು ಗಂಟೆ ಕುದಿಸಿದೆ, ಕಾಳು ಕಾಳಾಗಿಯೇ ಇತ್ತು. ಬೇಳೆಯದು ತಪ್ಪಿರಲಿಲ್ಲ. ಒತ್ತಡ ಕಡಿಮೆ ಇರುವ ಆ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಕುದಿಯುವುದು ಬೇರೆ, ಬೇಯುವುದು ಬೇರೆ ಎಂದು ನನಗೆ ಕಲಿಸಿದ್ದು ಆ ಪಾತ್ರೆ. ಕುಕ್ಕರ್ ಇಲ್ಲದೆ ಅಲ್ಲಿ ಬೇಳೆಯಿಲ್ಲ. ಖಡಕ್ ರೊಟ್ಟಿಗೂ ಶೇಂಗಾ ಹಿಂಡಿಗೂ ಮಾತ್ರ ಹಾನ್ಲೆಯಂಥ ಜಾಗ ಇನ್ನೊಂದಿಲ್ಲ. ಒಣ ಚಳಿಯಲ್ಲಿ ತಿಂಗಳಾದರೂ ಕೆಡುವುದಿಲ್ಲ, ಮೆತ್ತಗಾಗುವುದೂ ಇಲ್ಲ.

ಈಗ ರಾತ್ರಿಯ ಕೆಲಸಕ್ಕೆ ಬರೋಣ. ಸೂರ್ಯ ಮುಳುಗುವ ಮೊದಲೇ ಗುಮ್ಮಟ ತೆರೆದು ಒಳಗಿನ ಗಾಳಿ ಹೊರಗಿನಷ್ಟೇ ತಣ್ಣಗಾಗಲು ಬಿಡುತ್ತೇವೆ. ಒಳಗೆ ಬೆಚ್ಚಗೆ ಉಳಿದರೆ ಆ ಫರಸಿ ಕಲ್ಲಿನ ಮೇಲಿನ ನಡುಕವನ್ನು ನಾವೇ ತಂದಿಟ್ಟುಕೊಂಡಂತೆ. ಸಂಜೆಯ ಬೆಳಕು ಪೂರ್ತಿ ಆರುವ ಮುನ್ನ ಆಕಾಶದ ಖಾಲಿ ಭಾಗದ ಚಿತ್ರಗಳನ್ನು ತೆಗೆಯುತ್ತೇವೆ. ಸಂವೇದಕದ ಯಾವ ಮೂಲೆ ಬೆಳಕನ್ನು ಹೆಚ್ಚು ಹಿಡಿಯುತ್ತದೆ, ಯಾವ ಮೂಲೆ ಕಡಿಮೆ ಎಂದು ತಿಳಿಯಲು. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗೆ ಇಳಿದ ಮೇಲೆ ನಿಜವಾದ ಕತ್ತಲೆ. ಆಮೇಲೆ ನೋಟವನ್ನು ಚೂಪು ಮಾಡಿ, ಮೊದಲ ಗುರಿಗೆ ತಿರುಗಿ, ಕಾಯುವುದು.

ಕಾಯುವುದು ಎಂದರೆ ಸುಮ್ಮನೆ ಕೂರುವುದಲ್ಲ. ಒಂದು ರೂಪಾಯಿ ನಾಣ್ಯವನ್ನು ನಮ್ಮ ಕೋಟೆಯ ಬುರುಜಿನ ಮೇಲಿಟ್ಟು ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರದಿಂದ ನೋಡಿದರೆ ಅದು ಎಷ್ಟು ಚಿಕ್ಕದಾಗಿ ಕಾಣಬೇಕೋ ಆ ಅಳತೆಗೆ ಒಂದು ಆರ್ಕ್‌ಸೆಕೆಂಡ್ ಎನ್ನುತ್ತೇವೆ. ಹಾನ್ಲೆಯ ಒಳ್ಳೆಯ ರಾತ್ರಿಗಳಲ್ಲಿ ನಕ್ಷತ್ರದ ಚುಕ್ಕೆ ಅಷ್ಟೇ ಅಗಲ, ಕೆಲವೊಮ್ಮೆ ಅದಕ್ಕಿಂತ ಚಿಕ್ಕದು. ಭೂಮಿಯ ತಿರುಗುವಿಕೆಯಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಜರುಗುತ್ತದೆ. ಸೆಕೆಂಡಿಗೆ ಹದಿನೈದು ನಾಣ್ಯದಷ್ಟು ಓಡುವ ಆಕಾಶದ ಜೊತೆ ಟನ್ನುಗಟ್ಟಲೆ ತೂಕದ ಯಂತ್ರ ಅರ್ಧ ಗಂಟೆ ಓಡಬೇಕು, ಒಂದು ನಾಣ್ಯದಷ್ಟೂ ಹಿಂದೆ ಮುಂದೆ ಆಗದಂತೆ. ಅದಕ್ಕಾಗಿ ಗುರಿಯ ಪಕ್ಕದ ಒಂದು ನಕ್ಷತ್ರವನ್ನು ಹಿಡಿದಿಟ್ಟುಕೊಳ್ಳುತ್ತೇವೆ. ಅದು ಸ್ವಲ್ಪ ಜರುಗಿದರೂ ಯಂತ್ರ ತನ್ನನ್ನು ತಿದ್ದಿಕೊಳ್ಳುತ್ತದೆ. ಪರದೆಯ ಮೇಲಿನ ಮಸುಕು ಚುಕ್ಕೆ ಎಂದೆನಲ್ಲ, ಅದು ಇದೇ. ನಾವು ಅದಕ್ಕೆ ದಾರಿ ನಕ್ಷತ್ರ ಎನ್ನೋಣ.

ಈ ಯಂತ್ರಕ್ಕೆ ನೆತ್ತಿಯ ನೇರದಲ್ಲಿ ಒಂದು ಕುರುಡು ಜಾಗವಿದೆ. ತಲೆಯ ಮೇಲೆಯೇ ಹಾದುಹೋಗುವ ಗಾಳಿಪಟವನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ. ಕತ್ತು ಪೂರ್ತಿ ಹಿಂದಕ್ಕೆ ಬಾಗಿದ ಮೇಲೆ ಮುಂದೆ ನೋಡಲು ಇಡೀ ಮೈಯನ್ನೇ ಗಿರಕ್ಕನೆ ತಿರುಗಿಸಬೇಕು. ಮೇಲೆ-ಕೆಳಗೆ, ಸುತ್ತ ಎಂಬ ಎರಡೇ ಚಲನೆ ಇರುವ ದೂರದರ್ಶಕಕ್ಕೂ ಅದೇ ಕಷ್ಟ, ಅದರ ಮೈ ಅಷ್ಟು ಬೇಗ ತಿರುಗಲಾರದು. ಪುನರ್ವಸುವಿನ ಎರಡು ನಕ್ಷತ್ರಗಳಲ್ಲಿ ಕ್ಯಾಸ್ಟರ್ ಎಂಬುದು ಹಾನ್ಲೆಯಲ್ಲಿ ನೆತ್ತಿಗೆ ಒಂದು ಡಿಗ್ರಿಯ ಒಳಗೇ ಹಾದುಹೋಗುತ್ತದೆ. ಅಂಥವುಗಳನ್ನು ನೆತ್ತಿ ಮುಟ್ಟುವ ಮೊದಲೋ ದಾಟಿದ ಮೇಲೋ ಹಿಡಿಯಬೇಕು. ರಾತ್ರಿಯ ಪಟ್ಟಿ ಮಾಡುವಾಗ ಯಾವುದು ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಇದಕ್ಕೇ.

ಇಷ್ಟು ಹೇಳಿದ್ದು ನಾನು ನಿಜವಾಗಿ ಹೇಳಬೇಕೆಂದಿರುವ ಮಾತಿಗೆ ಬರಲು. ರಾತ್ರಿ ಮುಗಿದಾಗ ಆಪರೇಟರ್ ಬಿಟ್ಟುಹೋಗುವುದು ಒಂದು ದಾಖಲೆ. ಎಷ್ಟು ಹೊತ್ತಿಗೆ ಯಾವ ಚಿತ್ರ, ಯಾವ ಸೋಸುಗಾಜು, ಗಾಳಿ ಹೇಗಿತ್ತು, ಮೋಡ ಇತ್ತೇ, ಎಲ್ಲಿ ತಡವಾಯಿತು. ಚಿತ್ರ ತೆಗೆಯುವುದು ಯಂತ್ರ, ಅರ್ಥ ಮಾಡುವುದು ವಿಜ್ಞಾನಿ. ಆ ಚಿತ್ರವನ್ನು ಎಷ್ಟು ನಂಬಬಹುದು ಎಂದು ಹೇಳುವವನು ನಾನು.

ನಮ್ಮ ಎಪಿಎಂಸಿ ಅಂಗಳದಲ್ಲಿ ತೊಗರಿ ತೂಗುವುದನ್ನು ನೋಡಿ. ರೈತ ಮೊದಲು ನೋಡುವುದು ಚೀಲವನ್ನಲ್ಲ, ತಕ್ಕಡಿಯನ್ನು. ತೂಕದ ಕಲ್ಲು ಸುಳ್ಳಾದರೆ ಆ ದಿನ ತೂಗಿದ ಪ್ರತಿ ಚೀಲವೂ ಸುಳ್ಳು. ಆಕಾಶದಲ್ಲೂ ತೂಕದ ಕಲ್ಲುಗಳಿವೆ. ಅವುಗಳಿಗೆ ಮಾನಕ ನಕ್ಷತ್ರಗಳೆಂದು ಹೆಸರು. ಅವುಗಳ ಪ್ರಕಾಶವನ್ನು ಬಹಳ ಎಚ್ಚರದಿಂದ ಅಳೆದಿಟ್ಟಿದ್ದಾರೆ. ಪೂರ್ತಿ ಶುಭ್ರವಾದ ಒಂದು ರಾತ್ರಿ ಅವನ್ನೂ ನಮ್ಮ ಗುರಿಯನ್ನೂ ಹೋಲಿಸಿ, ಗುರಿಯ ಅಕ್ಕಪಕ್ಕದ ಸಾಮಾನ್ಯ ನಕ್ಷತ್ರಗಳ ಪ್ರಕಾಶ ಎಷ್ಟೆಂದು ಗೊತ್ತುಮಾಡಿಕೊಳ್ಳುತ್ತೇವೆ. ಆಮೇಲಿನ ರಾತ್ರಿಗಳಲ್ಲಿ ಆ ಅಕ್ಕಪಕ್ಕದವೇ ತೂಕದ ಕಲ್ಲು. ಅಂದರೆ ತಿಂಗಳುಗಟ್ಟಲೆ ಮಾಡಿದ ಅಳತೆಯೆಲ್ಲ ಆ ಒಂದು ರಾತ್ರಿಯ ಮೇಲೆ ನಿಂತಿರುತ್ತದೆ.

ಅಂಥ ಒಂದು ರಾತ್ರಿ ನಾನು ತಪ್ಪು ಮಾಡಿದೆ. ಸ್ಫೋಟಗೊಂಡ ಒಂದು ನಕ್ಷತ್ರವನ್ನು, ಅಂದರೆ ಸೂಪರ್‌ನೋವಾ ಒಂದನ್ನು, ಹಲವು ವಾರಗಳಿಂದ ಅಳೆಯುತ್ತಿದ್ದರು. ಅಂದು ಹೋಲಿಕೆಯ ರಾತ್ರಿ. ನಡುರಾತ್ರಿ ದಾಟಿ ಸುಮಾರು ಎರಡು ಗಂಟೆ, ಚಂದ್ರ ಇರಲಿಲ್ಲ. ದಾರಿ ನಕ್ಷತ್ರದ ಬೆಳಕಿನ ಅಂಕಿ ಇಪ್ಪತ್ತು ನಿಮಿಷ ಸ್ವಲ್ಪ ಕುಸಿದು ಮತ್ತೆ ಏರಿತು. ನಾನು ನೋಡಿದೆ. ನೋಟದ ಚೂಪು ಕಡಿಮೆಯಾಗಿರಬೇಕು ಎಂದುಕೊಂಡೆ. ಹೊರಗೆ ಹೋಗಿ ನೋಡಬೇಕಿತ್ತು, ಮೈನಸ್ 20ರ ಚಳಿ, ಹೋಗಲಿಲ್ಲ. ಬೆಳಗಿನ ಜಾವ ದಾಖಲೆಯಲ್ಲಿ 'ರಾತ್ರಿಯಿಡೀ ಶುಭ್ರ' ಎಂದು ಬರೆದು ಮಲಗಿದೆ.

ಎಂಟು ತಿಂಗಳಾದ ಮೇಲೆ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯಿಂದ ಪತ್ರ ಬಂತು. ಅವರ ಲೆಕ್ಕದಲ್ಲಿ ಆ ಸೂಪರ್‌ನೋವಾ ಬೇರೆಯವರು ಅಳೆದದ್ದಕ್ಕಿಂತ ಮಂಕಾಗಿ ಬರುತ್ತಿತ್ತು. ಒಂದು ದಿನವಲ್ಲ, ಎಲ್ಲ ದಿನವೂ, ಒಂದೇ ಪ್ರಮಾಣದಲ್ಲಿ. ತಮ್ಮ ಗಣಿತದಲ್ಲಿ ತಪ್ಪು ಹುಡುಕುತ್ತ ಅವರು ಎರಡು ತಿಂಗಳು ಕಳೆದಿದ್ದರು. ಕೊನೆಗೆ ಬಹಳ ಸಂಕೋಚದಿಂದ ಕೇಳಿದ್ದರು: 'ಸರ್, ಆ ರಾತ್ರಿ ಮೋಡವೇನಾದರೂ ಇತ್ತೇ?' ಪತ್ರ ಓದುತ್ತಿದ್ದಂತೆ ಎರಡು ಗಂಟೆಯ ಆ ಇಪ್ಪತ್ತು ನಿಮಿಷ ನನಗೆ ನೆನಪಾಯಿತು. ದಾರಿ ನಕ್ಷತ್ರದ ಅಂಕಿಗಳ ಕಡತ ತೆರೆದೆ. ಬೆಳಕು ಆರನೆಯ ಒಂದು ಪಾಲು ಕಡಿಮೆಯಾಗಿತ್ತು. ಅವರ ಲೆಕ್ಕದಲ್ಲಿನ ಕೊರತೆಯೂ ಅಷ್ಟೇ. ಕಣ್ಣಿಗೆ ಕಾಣದಷ್ಟು ತೆಳುವಾದ ಮೋಡ ಗುರಿಯ ಮುಂದೆ ಹಾದುಹೋಗಿತ್ತು, ಮಾನಕ ನಕ್ಷತ್ರಗಳ ಮುಂದೆ ಹಾದಿರಲಿಲ್ಲ. ತೂಕದ ಕಲ್ಲನ್ನು ಸುಳ್ಳು ಮಾಡಿದವನು ನಾನು.

ಇದ್ದದ್ದನ್ನು ಇದ್ದ ಹಾಗೆ ಬರೆದು ಕಳುಹಿಸಿದೆ. ಆ ವೇಳೆಗೆ ಸೂಪರ್‌ನೋವಾ ಆರಿ ಹೋಗಿತ್ತು. ಅದು ಮತ್ತೆ ಬರುವುದಿಲ್ಲ. ಆದರೆ ಅಕ್ಕಪಕ್ಕದ ನಕ್ಷತ್ರಗಳು ಅಲ್ಲೇ ಇದ್ದವಲ್ಲ. ಮರುವರ್ಷ ಆಕಾಶದ ಆ ಭಾಗ ಮತ್ತೆ ರಾತ್ರಿಗೆ ಬಂದಾಗ, ಒಂದು ಶುಭ್ರ ರಾತ್ರಿ ಕಾದು ಹಿಡಿದು ಅವನ್ನು ಹೊಸದಾಗಿ ಅಳೆದೆವು. ಹಳೆಯ ಅಳತೆಗಳೆಲ್ಲ ಸರಿಯಾದ ಜಾಗಕ್ಕೆ ಬಂದು ಕುಳಿತವು. ಆ ರಾತ್ರಿ ನಾನು ಅರ್ಧ ಗಂಟೆಗೊಮ್ಮೆ ಹೊರಗೆ ಹೋಗಿ ಕತ್ತೆತ್ತಿ ನಿಂತಿದ್ದೇನೆ. ಅಂದಿನಿಂದ ನನ್ನ ದಾಖಲೆಯಲ್ಲಿ 'ಶುಭ್ರ' ಎಂಬ ಪದ ಅಗ್ಗವಾಗಿ ಬರುವುದಿಲ್ಲ. ಕಾರಣ ತಿಳಿಯದಿದ್ದರೆ ತಿಳಿಯಲಿಲ್ಲ ಎಂದೇ ಬರೆಯುತ್ತೇನೆ.

ಕಾವಲೂರಿನ ಇತಿಹಾಸದಿಂದ ಇನ್ನೊಂದು ಉದಾಹರಣೆ ಕೊಡುತ್ತೇನೆ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಮರೆಮಾಡುವುದಿತ್ತು. ಅದನ್ನು ಅಳೆಯಲು ಹಲವು ದೇಶಗಳವರು ಕಾದಿದ್ದರು, ಕಾವಲೂರಿನ ಒಂದು ಮೀಟರ್ ದೂರದರ್ಶಕವೂ ಸಜ್ಜಾಗಿತ್ತು. ಗ್ರಹ ಇನ್ನೂ ನಕ್ಷತ್ರದ ಹತ್ತಿರ ಬರುವ ಮೊದಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಗ್ಗಿ ಮತ್ತೆ ಸರಿಹೋಯಿತು. ಅಮೆರಿಕದವರು ವಿಮಾನದಲ್ಲಿ ಒಯ್ದಿದ್ದ ದೂರದರ್ಶಕದಲ್ಲೂ ಇಂಥವೇ ಹಲವು ಕುಗ್ಗುವಿಕೆಗಳು ದಾಖಲಾದವು. ಯುರೇನಸ್‌ಗೂ ಶನಿಯಂತೆ ಉಂಗುರಗಳಿವೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ. ಯೋಚಿಸಿ ನೋಡಿ, ಕೆಲವೇ ಸೆಕೆಂಡಿನ ಮಂಕು. ಯಾರಾದರೂ ಮೋಡದ ತುಣುಕಿರಬೇಕು ಎಂದು ಅಳಿಸಿಬಿಟ್ಟಿದ್ದರೆ? ನಾನು ಮೋಡವನ್ನು ಬರೆಯದೆ ಬಿಟ್ಟೆ. ಅಲ್ಲಿ ಮೋಡವಲ್ಲದ್ದನ್ನು ಮೋಡ ಎನ್ನದೆ ಉಳಿಸಿಕೊಂಡರು.

ಮುಂದಿನದು ಅವಸರದ ಕಥೆ. 2023ರ ಮೇ 19ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೊಇಚಿ ಇಟಗಾಕಿ ಅವರು ಸಪ್ತರ್ಷಿ ಮಂಡಲದ ಬಾಲದ ಬಳಿಯಿರುವ ಎಂ101 ಎಂಬ ಗ್ಯಾಲಕ್ಸಿಯಲ್ಲಿ ಹೊಸ ಸೂಪರ್‌ನೋವಾ ಕಂಡರು. ಸುಮಾರು 2 ಕೋಟಿ ಜ್ಯೋತಿರ್ವರ್ಷ ದೂರ; ಈ ಲೆಕ್ಕದಲ್ಲಿ ನೆರೆಮನೆ ಎಂದೇ ಹೇಳಬೇಕು. ಇಂಥ ಸುದ್ದಿ ಬಂದಾಗ ಅಂದಿನ ಪಟ್ಟಿ ಬದಿಗೆ ಸರಿಯುತ್ತದೆ, ಬೇರೆಯವರಿಗೆ ಮೀಸಲಾದ ಹೊತ್ತನ್ನು ಕೇಳಿ ಪಡೆಯಬೇಕಾಗುತ್ತದೆ. ಹಾನ್ಲೆಯ ದೂರದರ್ಶಕಗಳು ಅದನ್ನು ಆರಂಭದ ದಿನಗಳಿಂದಲೇ ಹಿಂಬಾಲಿಸಿದವು. ಆ ಗುಡ್ಡದಲ್ಲಿ ಮನುಷ್ಯರ ಕೈಯಿಲ್ಲದೆ ತಾನೇ ಗುರಿ ಹಿಡಿಯುವ 0.7 ಮೀಟರ್‌ನ ಗ್ರೋತ್-ಇಂಡಿಯಾ ದೂರದರ್ಶಕವೂ ಇದೆ, ಇಂಥ ಕೆಲಸಕ್ಕೆಂದೇ ಕಟ್ಟಿದ್ದು. ಅವಸರ ಏಕೆಂದರೆ, ಸಾಯುವ ಮುನ್ನ ಆ ನಕ್ಷತ್ರ ತನ್ನ ಸುತ್ತ ಉಗುಳಿದ್ದ ಅನಿಲ ಸ್ಫೋಟದ ಬೆಳಕಿಗೆ ಹೊಳೆಯುವುದು ಕೆಲವೇ ದಿನ. ಆಮೇಲೆ ಸ್ಫೋಟದ ಅಲೆ ಅದನ್ನು ನುಂಗಿಬಿಡುತ್ತದೆ. ಆ ನಕ್ಷತ್ರದ ಕೊನೆಯ ವರ್ಷಗಳಲ್ಲಿ ಏನಾಯಿತು ಎಂದು ಓದಲು ಸಿಗುವ ಪುಟ ಅದೊಂದೇ. ಎರಡು ಕೋಟಿ ವರ್ಷ ನಡೆದು ಬಂದ ಬೆಳಕಿಗೆ ನಾವು ಒಂದು ರಾತ್ರಿ ತಡ ಮಾಡಿದರೆ ಓದುವ ಪುಟ ಹೋಗಿರುತ್ತದೆ. ಆ ವಾರ ನನಗೆ ಚಳಿಯೂ ತಿಳಿಯಲಿಲ್ಲ, ನಿದ್ದೆಯೂ ಬೇಕೆನಿಸಲಿಲ್ಲ.

2024ರ ಮೇ 10 ಮತ್ತು 11ರ ನಡುವಿನ ರಾತ್ರಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸೂರ್ಯನಿಂದ ಬಂದ ಪ್ರಬಲ ಕಾಂತೀಯ ಬಿರುಗಾಳಿ ಭೂಮಿಗೆ ಬಡಿದ ರಾತ್ರಿ ಅದು. ಧ್ರುವಗಳ ಬಳಿ ಕಾಣುವಂಥ ಬೆಳಕಿನ ಕೆಂಪು ಹೊಳಪು ಹಾನ್ಲೆಯ ಉತ್ತರ ದಿಗಂತದ ಮೇಲೂ ಮೂಡಿ, ಇಡೀ ಆಕಾಶವನ್ನು ನೋಡುತ್ತಿರುವ ನಮ್ಮ ಕ್ಯಾಮೆರಾಗಳಲ್ಲಿ ದಾಖಲಾಯಿತು. ಮೋಡ ಕಾಯಲೆಂದು ಇಟ್ಟ ಕ್ಯಾಮೆರಾ ಅದು!

ನಮ್ಮ ಭಾಗದ ಮಳೆಯ ಲೆಕ್ಕದ ಬಗ್ಗೆ ಇಲ್ಲಿ ಒಂದು ಮಾತು ಸೇರಿಸುವ ಆಸೆ. ಮುತ್ಯಾ ಮಾಳಿಗೆಯ ಮೇಲೆ ಮಲಗಿ ನನಗೆ ಚುಕ್ಕಿಗಳನ್ನು ತೋರಿಸುತ್ತಿದ್ದ. 'ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲ ಜೋಳ' ಎನ್ನುತ್ತಿದ್ದ. ರೋಹಿಣಿ ಮಳೆ, ಮಿರಗದ ಮಳೆ, ಆರಿದ್ರಾ ಮಳೆ. ನಾನು ಒಮ್ಮೆ ಕೇಳಿದೆ: 'ಮುತ್ಯಾ, ಮಿರಗದ ಮಳೆ ಬಂದಾಗ ಮಿರಗದ ಚುಕ್ಕಿ ಎಲ್ಲಿದೆ, ತೋರಿಸು.' ಅವನು ನಕ್ಕು, ಆಗ ಅದು ಕಾಣುವುದಿಲ್ಲ ಎಂದ. ಏಕೆಂದು ಅವನು ಹೇಳಲಿಲ್ಲ. ಕಾರಣ ನನಗೆ ತಿಳಿದದ್ದು ಕಾವಲೂರಿನಲ್ಲಿ, ವರ್ಷದ ವೀಕ್ಷಣಾ ಪಟ್ಟಿ ಮಾಡುವಾಗ. ಜೂನ್ ಮೊದಲ ವಾರದ ಕೊನೆಗೆ ಸೂರ್ಯ ಮೃಗಶಿರೆಯ ಭಾಗಕ್ಕೆ ಬರುತ್ತಾನೆ. ಹಾಗಾಗಿ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ, ಸೂರ್ಯನ ಜೊತೆಗೇ ಮುಳುಗುತ್ತದೆ. ಮಳೆಗೆ ಹೆಸರು ಕೊಟ್ಟ ನಕ್ಷತ್ರ ಆ ಮಳೆಯ ಹೊತ್ತಿಗೆ ಹಗಲಿನಲ್ಲಿ ಅಡಗಿರುತ್ತದೆ. ಕಣ್ಣಿಗೆ ಕಾಣದ ನಕ್ಷತ್ರದ ಜಾಗವನ್ನು ಲೆಕ್ಕದಿಂದ ತಿಳಿದು ಅದರ ಮೇಲೆ ಬಿತ್ತನೆಯ ಪಂಚಾಂಗ ಕಟ್ಟಿದವರು ನಮ್ಮ ಹಿರಿಯರು. ಇದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಆದರೆ ಮುತ್ಯಾ ತೋರಿಸಿದ ಎಷ್ಟೋ ಚುಕ್ಕಿಗಳನ್ನು ನಾನು ಇಂದು ಅದೇ ಮಾಳಿಗೆಯಿಂದ ಮಕ್ಕಳಿಗೆ ತೋರಿಸಲಾರೆ. ದೂಳು ಒಂದು ಕಾರಣ, ದೀಪ ಇನ್ನೊಂದು. ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರ ಡಿಸೆಂಬರ್‌ನಲ್ಲಿ ಕತ್ತಲೆ ಆಕಾಶದ ಮೀಸಲು ಪ್ರದೇಶವೆಂದು ಅಧಿಕೃತವಾಗಿ ಘೋಷಿಸಿದರು. ಅಲ್ಲಿ ಜನರನ್ನು ಒಕ್ಕಲೆಬ್ಬಿಸಿಲ್ಲ, ದೀಪ ಹಚ್ಚಬೇಡಿ ಎಂದೂ ಹೇಳಿಲ್ಲ. ಕಿಟಕಿಗೆ ದಪ್ಪ ಪರದೆ, ದೀಪಕ್ಕೆ ಮೇಲಿನಿಂದ ಮುಚ್ಚಿಗೆ, ವಾಹನದ ಬೆಳಕಿನಲ್ಲಿ ಸಂಯಮ, ಅಷ್ಟೇ. ಹಳ್ಳಿಯ ಯುವಕ ಯುವತಿಯರಿಗೆ ದೂರದರ್ಶಕಗಳನ್ನು ಕೊಟ್ಟು ತರಬೇತಿ ನೀಡಿದ್ದಾರೆ. ಬಂದ ಪ್ರವಾಸಿಗರಿಗೆ ಅವರೇ ಆಕಾಶ ತೋರಿಸುತ್ತಾರೆ, ಅದರಿಂದ ಮನೆಗೆ ನಾಲ್ಕು ಕಾಸು ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಚಿಂಚೋಳಿಯ ಕಾಡಿದೆ. ವನ್ಯಜೀವಿ ಧಾಮವಾದ್ದರಿಂದ ಅಲ್ಲಿ ಕತ್ತಲೆ ಇನ್ನೂ ಉಳಿದಿದೆ. ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ ಬರುವ ದೂರ. ಅಲ್ಲಿ ಹೊಸ ದೀಪ ಹಾಕುವಾಗ ಅದರ ಬೆಳಕು ನೆಲಕ್ಕೆ ಬೀಳಲಿ, ಮೇಲಕ್ಕೆ ಚೆಲ್ಲದಿರಲಿ ಎಂದು ಕೇಳುವವರು ಈ ಸಭೆಯಲ್ಲಿ ನಾಲ್ಕು ಜನ ಇದ್ದರೂ ಸಾಕು. ನಾನು ಅವರ ಜೊತೆ ಬರುತ್ತೇನೆ, ಅರ್ಜಿ ಬರೆಯಲು ಕೂರುತ್ತೇನೆ.

ಒಬ್ಬರು ಚೀಟಿ ಕಳುಹಿಸಿದ್ದಾರೆ: 'ಹಾನ್ಲೆಯಲ್ಲಿ ಕಾಣುವುದು ನಮಗಿಲ್ಲಿ ಏನೂ ಕಾಣುವುದಿಲ್ಲವೇ?' ಕಾಣುತ್ತದೆ. ಅಲ್ಲಿಗಿಂತ ಚೆನ್ನಾಗಿ ಕಾಣುವುದೂ ಒಂದಿದೆ. ಧ್ರುವ ನಕ್ಷತ್ರ ಹಾನ್ಲೆಯಲ್ಲಿ 33 ಡಿಗ್ರಿ ಮೇಲಿದ್ದರೆ ಇಲ್ಲಿ 17 ಡಿಗ್ರಿಯಷ್ಟೇ. ಉತ್ತರದಲ್ಲಿ ನಾವು ಕಳೆದುಕೊಂಡಷ್ಟನ್ನು ದಕ್ಷಿಣದಲ್ಲಿ ಪಡೆದಿದ್ದೇವೆ. ರಾತ್ರಿ ಆಕಾಶದ ಎರಡನೆಯ ಅತಿ ಪ್ರಕಾಶಮಾನ ನಕ್ಷತ್ರ ಅಗಸ್ತ್ಯ. ಹಾನ್ಲೆಯಲ್ಲಿ ಅದು ದಿಗಂತದಿಂದ ಐದು ಡಿಗ್ರಿ ಕೂಡ ಏರುವುದಿಲ್ಲ, ಬೆಟ್ಟದ ಸಾಲಿನಲ್ಲಿ ತಡಕಾಡಬೇಕು. ಅಷ್ಟು ಕೆಳಗೆ ನನ್ನ ದೂರದರ್ಶಕ ಬಾಗುವುದೇ ಇಲ್ಲ. ಇಲ್ಲಿ ಅದು 20 ಡಿಗ್ರಿ ಏರುತ್ತದೆ, ಕೈ ಚಾಚಿ ಹಿಡಿದ ಎರಡು ಮುಷ್ಟಿಗಳಷ್ಟು ಎತ್ತರ.

ಈಗ ಎಂಟೂವರೆ. ಒಂಬತ್ತರ ಸುಮಾರಿಗೆ ಅಗಸ್ತ್ಯ ನೇರ ದಕ್ಷಿಣಕ್ಕೆ ಬರುತ್ತದೆ. ಹಿಂದಿನ ಮೈದಾನದ ದೀಪಗಳನ್ನು ಅರ್ಧ ಗಂಟೆ ಆರಿಸಲು ವ್ಯವಸ್ಥಾಪಕರು ಒಪ್ಪಿದ್ದಾರೆ. ಮೊಬೈಲ್ ಜೇಬಿನಲ್ಲೇ ಇರಲಿ, ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು. ಮೊದಲು ಅತ್ಯಂತ ಹೊಳೆಯುವ ಲುಬ್ಧಕವನ್ನು ಹಿಡಿಯಿರಿ. ಅಲ್ಲಿಂದ ದೃಷ್ಟಿಯನ್ನು ನೇರ ಕೆಳಗೆ ಇಳಿಸುತ್ತ ಬನ್ನಿ. ನಾನು ಒಂದು ನೋಟ್‌ಬುಕ್ ತಂದಿದ್ದೇನೆ. ಯಾರಿಗೆ ಎಷ್ಟು ಹೊತ್ತಿಗೆ ಕಂಡಿತು, ಮೋಡ ಇತ್ತೇ, ದೂಳು ಇತ್ತೇ ಎಂದು ಒಬ್ಬೊಬ್ಬರೂ ಒಂದು ಸಾಲು ಬರೆಯಬೇಕು. ಕಾಣದಿದ್ದವರು ಕಾಣಲಿಲ್ಲ ಎಂದು ಬರೆಯಿರಿ. ಬನ್ನಿ, ಹೊರಗೆ ಹೋಗೋಣ.